ಟೇಬಲ್ ಒಳಗಿನವರಿಗೆಲ್ಲ ಮಾಲೆ

ಅಣ್ಣಯ್ಯಪ್ಪನವರಿಗೆ ವೆಬ್‌ಸೈಟ್ ಬೇಕಾಗಿದ್ದು ತಾವು ಬದುಕಿದ್ದೇವೆ ಎಂದು ತೋರಿಸುವುದಕ್ಕೆ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗುಬ್ಬಿಯಲ್ಲಿ ಎಲ್ಲರಿಗೂ ಗೊತ್ತಿತ್ತು. 2006ರ ಬೇಸಿಗೆಯಲ್ಲಿ ಅವರು ಬೆಂಗಳೂರಿಗೆ ಹೋಗಿ ಹಾರ್ಟ್ ಆಪರೇಷನ್ ಮಾಡಿಸಿಕೊಂಡಿದ್ದರು. ವಾಪಸ್ ಬರುವಷ್ಟರಲ್ಲಿ ಅವರು ಹೋಗಿಯೇಬಿಟ್ಟರು ಎಂಬ ಸುದ್ದಿ ಸಂತೆಯಲ್ಲೆಲ್ಲ ಹಬ್ಬಿತ್ತು. ತೆಂಗು ಬೆಳೆಗಾರರ ಸಂಘಕ್ಕೆ ಹದಿನೈದು ವರ್ಷದಿಂದ ಅವರೇ ಅಧ್ಯಕ್ಷರು, ಮುಂದಿನ ತಿಂಗಳು ಚುನಾವಣೆ. ಎದುರಾಳಿ ತಿಮ್ಮರಾಜು ಅದೇ ಸಂಘದ ನಿರ್ದೇಶಕ. "ಪಾಪ, ರೆಸ್ಟ್ ತಗೊಳ್ಳಿ ಬುಡಿ ಅವ್ರು" ಎಂದು ಮನೆಮನೆಗೆ ಹೋಗಿ ಮರುಗುತ್ತಿದ್ದ. ಆ ಮರುಕಕ್ಕೇ ಓಟು ಬೀಳುವ ಹಾಗಿತ್ತು.

ಅಣ್ಣಯ್ಯಪ್ಪ ತುಮಕೂರಿಗೆ ನನ್ನನ್ನು ಹುಡುಕಿಕೊಂಡು ಬಂದರು. ನಾನು ಯಶಸ್ವಿನಿ, ಕುಣಿಗಲ್‌ನವಳು. ತುಮಕೂರಿನ ಕಂಪ್ಯೂಟರ್ ಸೆಂಟರ್ ಒಂದರಲ್ಲಿ ಪಾಠ ಹೇಳುತ್ತ, ವೆಬ್‌ಸೈಟ್ ಮಾಡಿಕೊಡಲಾಗುವುದು ಎಂದು ಬಾಗಿಲಿಗೊಂದು ಬೋರ್ಡು ತಗುಲಿಹಾಕಿದ್ದೆ. ಅದನ್ನು ನಂಬಿ ಬಂದ ಮೊದಲ ಗಿರಾಕಿ ಇವರೇ.

"ಮುಖ ಗೆಲುವಾಗಿ ಕಾಣ್ಬೇಕು ಕಣಮ್ಮ," ಅಂದರು. "ನೋಡಿದವ್ರು, ಈ ಮನ್ಷ ಇನ್ನೂ ಇಪ್ಪತ್ತು ವರ್ಷ ಅಲ್ಲಾಡಲ್ಲ ಅನ್ಬೇಕು."

ಇರುವುದು ಒಂದೇ ಪುಟ. ಮೇಲೆ ಮೂವರು ಸ್ಥಾಪಕರ ಫೋಟೋ, ಕೆಳಗೆ ಅಧ್ಯಕ್ಷರೂ ಸೇರಿ ಹನ್ನೊಂದು ಜನ ನಿರ್ದೇಶಕರದು. ಸ್ಥಾಪಕರು ಮೂವರೂ ಈಗಿಲ್ಲ. ನಮ್ಮಲ್ಲಿ ತೀರಿಕೊಂಡವರ ಫೋಟೋವನ್ನು ಮಾಲೆಯಿಲ್ಲದೆ ತೂಗುಹಾಕಿದರೆ ನೆಂಟರು ಜಗಳಕ್ಕೆ ಬರುತ್ತಾರೆ. ಆದ್ದರಿಂದ ಮೂವರ ಫೋಟೋ ಸುತ್ತಲೂ ಚೆಂಡುಹೂವಿನ ಮಾಲೆ ಬರುವಂತೆ ಮಾಡಿದೆ. ಎರಡು ದಿನ ಕೂತು ಒಂದೊಂದೇ ಹೂವು ಬಿಡಿಸಿದ್ದೆ. ನನ್ನ ಮಟ್ಟಿಗೆ ಇಡೀ ಸೈಟಿನಲ್ಲಿ ನೋಡುವಂಥದ್ದು ಅದೊಂದೇ.

ಅಲಂಕಾರ ಯಾರಿಗೆ ಅಂತ ಕಂಪ್ಯೂಟರಿಗೆ ಹೇಳುವ ಮಾತಿಗೆ ಸೆಲೆಕ್ಟರ್ ಅನ್ನುತ್ತಾರೆ. ಡ್ರಿಲ್ ಮೇಷ್ಟ್ರು ಮೈದಾನದಲ್ಲಿ ನಿಂತು "ಟೋಪಿ ಹಾಕಿರೋರೆಲ್ಲ ಮುಂದೆ ಬನ್ನಿ" ಅನ್ನುವುದಿಲ್ಲವೇ, ಹಾಗೆ. ಟೋಪಿ ಹಾಕಿದವರೆಲ್ಲ ಬರುತ್ತಾರೆ, ಮೇಷ್ಟ್ರ ಮನಸ್ಸಿನಲ್ಲಿ ಯಾರಿದ್ದರು ಎಂದು ಯಾರೂ ಕೇಳುವುದಿಲ್ಲ. ಸ್ಥಾಪಕರ ಫೋಟೋಗಳನ್ನು ಒಂದು ಟೇಬಲ್ಲಿನ, ಅಂದರೆ ಪುಟದಲ್ಲಿ ಅಡ್ಡ-ಉದ್ದ ಗೆರೆ ಎಳೆದು ಮಾಡಿದ ಕೋಷ್ಟಕದ, ಮನೆಗಳಲ್ಲಿ ಕೂರಿಸಿದ್ದೆ. ನಿರ್ದೇಶಕರದು ಹೊರಗೆ ಬಿಡಿಬಿಡಿಯಾಗಿದ್ದವು. ಹಾಗಾಗಿ ನಾನು ಬರೆದ ಸೆಲೆಕ್ಟರಿನ ಅರ್ಥ ಇಷ್ಟೇ: ಟೇಬಲ್ ಒಳಗಿರುವ ಫೋಟೋಗಳಿಗೆಲ್ಲ ಮಾಲೆ ಹಾಕು. ಮೂವರಿಗೂ ಒಂದು ಹೆಸರು ಕೊಟ್ಟು ಆ ಹೆಸರು ಹಿಡಿದು ಕರೆಯಬೇಕಾಗಿತ್ತು. ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತಿದ್ದೆ. ಮಾಡಲಿಲ್ಲ, ಸೋಮಾರಿತನ.

ಉದ್ಘಾಟನೆಯ ಹಿಂದಿನ ದಿನ ಅಣ್ಣಯ್ಯಪ್ಪ ಬಂದು, ಕನ್ನಡಕ ಏರಿಸಿ, ಪರದೆಗೆ ಮೂಗು ತಾಗಿಸಿ ನೋಡಿದರು.

"ತಿಮ್ಮರಾಜು ನನಗಿಂತ ಅರ್ಧ ಬೆಟ್ಟು ಮೇಲವ್ನೆ."

"ಫೋಟೋ ಸೈಜು ಬೇರೆಬೇರೆ ಸಾರ್."

"ಎಲ್ರನ್ನೂ ಒಂದು ಸಾಲ್ನಾಗೆ ಕೂರ್ಸಮ್ಮ. ಹೆಚ್ಚುಕಮ್ಮಿ ಆಗ್ಬಾರ್ದು. ಮೊದ್ಲು ನಾನಿರ್ಬೇಕು."

ಸಾಲಾಗಿ ಕೂರಿಸಲು ಆಗ ನನಗೆ ಗೊತ್ತಿದ್ದ ಉಪಾಯ ಒಂದೇ. ಹನ್ನೊಂದು ಜನರನ್ನೂ ಟೇಬಲ್ಲಿಗೆ ಹಾಕಿದೆ. ಅಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ ಕಿರುಚತೊಡಗಿತು. ಸಿಡಿಗೆ ಹಾಕಿಕೊಂಡು ಎದ್ದುಬಿಟ್ಟೆ, ತೆರೆದು ನೋಡಲಿಲ್ಲ.

ಮರುದಿನ ಗುಬ್ಬಿಯ ಕಲ್ಯಾಣಮಂಟಪದಲ್ಲಿ ಇನ್ನೂರು ಜನ ಸೇರಿದ್ದರು. ಬಾಡಿಗೆ ಪ್ರೊಜೆಕ್ಟರು, ಗೋಡೆಗೆ ಕಟ್ಟಿದ ಬಿಳಿ ಪಂಚೆ. ಅಣ್ಣಯ್ಯಪ್ಪ ಇಸ್ತ್ರಿ ಜುಬ್ಬದಲ್ಲಿ ಎದೆ ಸೆಟೆಸಿಕೊಂಡು ಮೌಸ್ ಒತ್ತಿದರು.

ಹದಿನಾಲ್ಕು ಜನಕ್ಕೂ ಚೆಂಡುಹೂವಿನ ಮಾಲೆ ಬಿದ್ದಿತ್ತು. ನಿರ್ದೇಶಕರ ಸಾಲಿನ ಮೊದಲನೇ ಸ್ಥಾನದಲ್ಲಿ, ಕೇಳಿದಷ್ಟೇ ಗೆಲುವಾಗಿ, ಕೈಲಾಸವಾಸಿ ಅಣ್ಣಯ್ಯಪ್ಪ.

ಹಿಂದಿನಿಂದ ಒಬ್ಬ ಮುದುಕ, "ಎಲ್ರೂ ಒಂದೇ ಬಸ್ಸಲ್ಲಿದ್ರಾ?" ಎಂದು ಪಕ್ಕದವನನ್ನು ಕೇಳಿದ.

ತಿಮ್ಮರಾಜು ಎದ್ದು ನಿಂತ. "ಅವ್ರಿಗ್ ಹಾಕಿದ್ರೆ ಒಂದರ್ಥ ಅದೆ. ನನಗ್ಯಾಕಮ್ಮ? ನಾನು ಬೆಳಿಗ್ಗೆ ಮುದ್ದೆ ಉಂಡ್ಕಂಡು ಬಂದಿದೀನಿ."

ಅಧ್ಯಕ್ಷರ ಹೆಂಡತಿ ಸಿದ್ದಲಕ್ಷ್ಮಮ್ಮ ಯಾರ ಕಡೆಯೂ ನೋಡದೆ ನೇರವಾಗಿ ಪಂಚೆಯ ಹತ್ತಿರ ಹೋಗಿ ಸೆರಗಿನಿಂದ ಗಂಡನ ಮಾಲೆಯನ್ನು ಒರೆಸತೊಡಗಿದರು. ಮಾಲೆ ಅಳಿಯಲಿಲ್ಲ, ಅವರ ಬೆನ್ನ ಮೇಲೆ ಬಂದು ಕೂತಿತು. ಅವರು ಆ ಕಡೆ ಸರಿದರೆ ಮತ್ತೆ ಗಂಡನ ಮೇಲೆ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಣ್ಣಯ್ಯಪ್ಪ ನನ್ನನ್ನು ಬೈಯಲು ಶುರು ಮಾಡಿದರು. ಮೈಕು ಬೇಕಾಗಲಿಲ್ಲ. ನನ್ನ ಓದು, ನನಗೆ ಪಾಠ ಹೇಳಿದವರ ಓದು, ಕುಣಿಗಲ್ಲು, ಕಂಪ್ಯೂಟರು, ಒಂದನ್ನೂ ಬಿಡದೆ ಐದು ನಿಮಿಷ ಉಸಿರು ಎಳೆದುಕೊಳ್ಳದೆ ಬೈದರು. ಕೊನೆಗೆ ಆ ಮುದುಕನೇ, "ಎದೆ ಗಟ್ಟಿಯಾಗೇ ಅದೆ ಬುಡು," ಅಂದ. ಜನ ನಕ್ಕರು. ತಿಮ್ಮರಾಜು ಮಾತ್ರ ನಗಲಿಲ್ಲ, ಓಟು ಎತ್ತ ವಾಲಿತು ಎಂದು ಅವನಿಗೆ ತಿಳಿದುಹೋಗಿತ್ತು.

ನಾನು ಸಿಡಿಯಿಂದ ಅಲ್ಲಿನ ಕಂಪ್ಯೂಟರಿಗೆ ಇಳಿಸಿದ್ದ ಫೈಲು ತೆರೆದೆ. ಮೂವರಿಗೆ ಹೆಸರು ಕೊಟ್ಟು ಸೆಲೆಕ್ಟರ್ ತಿದ್ದುವಷ್ಟು ವ್ಯವಧಾನ ಎಲ್ಲಿತ್ತು? ಮಾಲೆ ಹಾಕು ಎಂದು ಬರೆದ ಸಾಲನ್ನೇ ಪೂರ್ತಿ ಅಳಿಸಿ ಪುಟವನ್ನು ಮತ್ತೆ ತೆರೆದೆ. ಹನ್ನೊಂದು ಜನರೂ ಬದುಕಿಕೊಂಡರು. ಚಪ್ಪಾಳೆ ಬಿತ್ತು. ಸಿದ್ದಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೂತರು.

"ಮ್ಯಾಗ್ಳೋರ್ದೂ ಹೋಯ್ತಲ್ಲಮ್ಮ," ಅಂದ ತಿಮ್ಮರಾಜು, ತಪ್ಪು ಸಿಕ್ಕ ಖುಷಿಯಲ್ಲಿ.

ನಿಜ. ಮೇಲಿನ ಸಾಲಿನಲ್ಲಿ ಸ್ಥಾಪಕರು ಮೂವರೂ ಬರಿಗೊರಳಲ್ಲಿ ಕೂತಿದ್ದರು. ನಡುವೆ ಇದ್ದವರು ಬೀರಯ್ಯ, ಅಣ್ಣಯ್ಯಪ್ಪನವರ ಜೊತೆ ಸೈಕಲ್ಲಿನಲ್ಲಿ ಊರೂರು ಸುತ್ತಿ ಸಂಘಕ್ಕೆ ಸದಸ್ಯರನ್ನು ಕೂಡಿಸಿದವರು. ಯಾವುದೋ ಮದುವೆಯಲ್ಲಿ ತೆಗೆದ ಫೋಟೋ, ಬಾಯಲ್ಲಿ ಎಲೆಅಡಿಕೆ ಇರುವಾಗಲೇ ನಗು ಬಂದಿತ್ತು.

"ಈಗ್ಲೇ ಹಾಕ್ತೀನಿ," ಎಂದು ಕೀಲಿಗಳ ಮೇಲೆ ಕೈಯಿಟ್ಟೆ.

"ತಡಿಯವ್ವ."

ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡಗಂಗಮ್ಮ. ಬೀರಯ್ಯನವರ ಹೆಂಡತಿ. ಅವರು ಪಂಚೆಯಿಂದ ಕಣ್ಣು ತೆಗೆದಿರಲಿಲ್ಲ.

"ಹೂವಿಲ್ದೆ ಅವ್ರನ್ನ ನೋಡಿ ಆರು ವರ್ಷ ಆಯ್ತು. ಒಂಚೂರು ಹೊತ್ತು ಹಂಗೇ ಇರ್ಲಿ."

ನಾನು ಕೈ ತೆಗೆದೆ. ಅಣ್ಣಯ್ಯಪ್ಪ ಭಾಷಣದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಒಂದು ಕುರ್ಚಿ ಎಳೆದು ದೊಡ್ಡಗಂಗಮ್ಮನ ಪಕ್ಕ ಕೂತರು.

"ಇರ್ಲಿ," ಅಂದರು. "ಇವತ್ತೊಂದಿನ ಎಲ್ರೂ ಇರ್ಲಿ."