ರೆಪ್ಪೆಗೂದಲಿನ ಚಿಮಟ

ನಾನು ಒಂದು ಚಿಮಟ. ಕಾಲಿನ ಮುಳ್ಳು ಕೀಳುವ ಚಿಮಟವಲ್ಲ. ಒಲೆಯ ಕೆಂಡ ಹಿಡಿಯುವುದಂತೂ ಅಲ್ಲವೇ ಅಲ್ಲ. ಕಣ್ಣಿನ ರೆಪ್ಪೆಗೂದಲು ಹಿಡಿಯಲೆಂದೇ ನನ್ನನ್ನು ಮಾಡಿದರು. ಉದ್ದದಲ್ಲಿ ನಾನು ಒಂದು ಬೆರಳಿನಷ್ಟು, ತೂಕದಲ್ಲಿ ಅದಕ್ಕಿಂತಲೂ ಕಡಿಮೆ.

ನನ್ನನ್ನು ಮಾಡಿದವನು ಒಬ್ಬ ಮುದುಕ. ಓಣಿಯ ಕೊನೆಯ ಒಂದು ಕೋಣೆಯೇ ಅವನ ಕಾರ್ಖಾನೆ. ಉಕ್ಕಿನ ಎರಡು ಪಟ್ಟಿಗಳನ್ನು ಒಂದು ಕೊನೆಯಲ್ಲಿ ಬೆಸೆದು, ಇನ್ನೊಂದು ಕೊನೆಯನ್ನು ಅರದಿಂದ ಉಜ್ಜಿದ. ಉಜ್ಜುವುದು, ಕಿಟಕಿಯ ಬೆಳಕಿಗೆ ಹಿಡಿಯುವುದು, ಮತ್ತೆ ಉಜ್ಜುವುದು. ತುದಿಗಳು ಕೂಡಿದಾಗ ನಡುವೆ ಬೆಳಕು ತೂರಬಾರದು. ಕಡೆಗೆ ತನ್ನ ಮುಂಗೈಯ ಒಂದು ನರೆಗೂದಲನ್ನು ನನ್ನ ಬಾಯಿಗೆ ಕೊಟ್ಟು ಎಳೆದ. ಅದು ಬುಡಸಮೇತ ಬಂತು. ಮುದುಕನಿಗೆ ನೋವಾಯಿತು, ಹಾಗೆಯೇ ಸಂತೋಷವೂ ಆಯಿತು. ನನ್ನನ್ನು ಒರೆಸಿ ಪಕ್ಕಕ್ಕಿಟ್ಟ.

ಅಲ್ಲಿಂದ ನಾನು ಒಂದು ಸ್ಟೀಲ್ ಡಬ್ಬಿ ಸೇರಿದೆ. ಅದರಲ್ಲಿ ನನ್ನ ಬಳಗವಿತ್ತು. ಸಣ್ಣ ಕತ್ತಿ, ಕತ್ತರಿ, ಸೂಜಿ ಹಿಡಿಯುವ ಇಕ್ಕಳ, ಬಿದಿಗೆ ಚಂದ್ರನಂತೆ ಬಾಗಿದ ಸೂಜಿಗಳು, ಮತ್ತೆ ಎಲ್ಲರಿಗಿಂತ ದೊಡ್ಡವನಾದ ಕ್ಲಾಂಪ್. ರೆಪ್ಪೆಯನ್ನು ಹೊರಕ್ಕೆ ಮಗುಚಿ ಅಲುಗಾಡದಂತೆ ಹಿಡಿಯುವುದು ಅವನ ಕೆಲಸ. ನೋಡಲು ಒರಟ, ಹಿಡಿತ ಮಾತ್ರ ಮೃದು. ಕೆಲಸಕ್ಕೆ ಮೊದಲು ನಮ್ಮನ್ನೆಲ್ಲ ಬಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಆಮೇಲೆ ಹಸಿರು ಬಟ್ಟೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು.

ನಮ್ಮನ್ನು ನೋಡಿಕೊಳ್ಳುತ್ತಿದ್ದವರು ನರ್ಸ್ ಎಸ್ತೇರಮ್ಮ. ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಜೀಪಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಊರೂರಿಗೆ ಬರುತ್ತಿದ್ದರು. ಕ್ಯಾಂಪ್ ಎಂದರೆ ಹೆಚ್ಚಾಗಿ ಯಾವುದೋ ಶಾಲೆ. ಬೆಂಚುಗಳನ್ನು ಹೊರಗೆ ಹಾಕಿ, ಒಂದು ಕೋಣೆ ತೊಳೆದು, ಅಲ್ಲಿ ಆಪರೇಷನ್ ಮಾಡುತ್ತಿದ್ದರು.

ಬರುವವರೆಲ್ಲ ಒಂದೇ ಬಗೆಯ ಕಣ್ಣಿನವರು. ಚಿಕ್ಕಂದಿನಲ್ಲಿ ಅವರಿಗೆ ಕಣ್ಣು ಬೇನೆ ಬಂದಿರುತ್ತದೆ. ಮತ್ತೆ ಮತ್ತೆ ಬಂದಿರುತ್ತದೆ. ನೊಣ ಕೂತು, ಒಂದೇ ಸೆರಗಿನಲ್ಲಿ ಎಲ್ಲ ಮಕ್ಕಳ ಕಣ್ಣು ಒರೆಸಿ, ಮನೆಗೆಲ್ಲ ಹಬ್ಬಿರುತ್ತದೆ. ಬೇನೆ ವಾಸಿಯಾದರೂ ರೆಪ್ಪೆಯ ಒಳಗಿನ ಗಾಯ ಮಾಯುವಾಗ ಚರ್ಮ ಸೆಟೆದುಕೊಳ್ಳುತ್ತದೆ. ವಯಸ್ಸಾಗುತ್ತ ರೆಪ್ಪೆಯ ಅಂಚು ಒಳಕ್ಕೆ ಮಡಚುತ್ತದೆ. ಆಗ ಕಣ್ಣನ್ನು ಕಾಯಬೇಕಾದ ಕೂದಲೇ ಕಣ್ಣನ್ನು ಗೀರುತ್ತದೆ. ರೆಪ್ಪೆ ಬಡಿದಾಗಲೆಲ್ಲ ಒಂದು ಗೀರು. ಗೀರಿ ಗೀರಿ ಕರಿಗುಡ್ಡೆಗೆ ಬಿಳಿ ಹೂ ಬೀಳುತ್ತದೆ, ನೋಟ ಹೋಗುತ್ತದೆ. ಬಿದ್ದ ಹೂವನ್ನು ನಮ್ಮ ಡಬ್ಬಿಯ ಯಾರಿಂದಲೂ ತೆಗೆಯಲಾಗದು. ಅದು ಬೀಳುವ ಮೊದಲು ರೆಪ್ಪೆಯ ಅಂಚನ್ನು ಕೊಯ್ದು, ಹೊರಕ್ಕೆ ತಿರುಗಿಸಿ ಹೊಲಿಯಬಹುದು, ಅಷ್ಟೆ.

ಅಂಥ ಒಂದು ಕ್ಯಾಂಪಿಗೆ ಬೀರವ್ವ ಬಂದಳು. ಕುರಿ ಕಾಯುವ ಮನೆತನದ ಯಜಮಾನಿ. ಕಂಬಳಿಗೆ ಉಣ್ಣೆ ನೂಲುವುದರಲ್ಲಿ ಆ ಊರಿಗೆ ಅವಳೇ ಮೇಲು. ಬಾಯಿಯಲ್ಲೂ ಅವಳೇ ಮೇಲು. ಎಡಗಣ್ಣಿಗೆ ಆಗಲೇ ಹೂ ಬೀಳತೊಡಗಿತ್ತು. ಜೊತೆಗೆ ಸೊಸೆ ಕಸ್ತೂರಿ ಇದ್ದಳು. ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಾಗಿಲ ಬಳಿಯೇ ನಿಂತಳು. ಮಾತಿಲ್ಲ, ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು.

ಬೀರವ್ವ ಮೇಜಿನ ಮೇಲೆ ಮಲಗಿದಳು. ಪಕ್ಕಕ್ಕೆ ಹೊರಳಿದಾಗ ಕ್ಲಾಂಪ್ ಕಣ್ಣಿಗೆ ಬಿತ್ತು. ದಡಕ್ಕನೆ ಎದ್ದು ಕೂತಳು.

"ಇದೇನ ಯವ್ವಾ! ನಮ್ಮ ಟಗರಿಗೆ ಬೀಜ ಒಡಿಯೋ ಇಕ್ಕಳ ಇದ್ದಂಗ ಐತಿ. ಇದನ್ನ ನನ್ನ ಕಣ್ಣಿಗೆ ಹಾಕ್ತೀರೇನ?"

ಆಪರೇಷನ್ ಮಾಡುವ ಡಾಕ್ಟರ್ ಇಂದುಧರ ನಕ್ಕರು. "ನೋವಾಗೋದಿಲ್ಲಮ್ಮ, ಮೊದಲು ಸೂಜಿಮದ್ದು ಕೊಡ್ತೀನಿ."

"ಟಗರಿಗೂ ನಾವು ಹಂಗ ಹೇಳಿರತೀವಿ, ಸಾಹೇಬ್ರ," ಎಂದು ಬೀರವ್ವ ಕೆಳಗಿಳಿದು ನಡೆದೇಬಿಟ್ಟಳು.

ಎಸ್ತೇರಮ್ಮ ಹಿಂದೆಯೇ ಅಂಗಳಕ್ಕೆ ಬಂದರು. ಸೊಸೆಯ ಸೊಂಟದ ಚಂಚಿಯಿಂದ ಮುಳ್ಳು ಕೀಳುವ ಕಬ್ಬಿಣದ ಚಿಮಟ ನೇತಾಡುತ್ತಿತ್ತು. "ಇದರಾಗ ಕೀಳ್ತೀಯೇನು ಕೂದಲ? ನಡುವ ಮುರೀತದವ್ವ. ಉಳಿದ ಮೋಟು ಇನ್ನೂ ಜೋರು ಚುಚ್ಚತದ." ಡಬ್ಬಿಗೆ ಹೊಸ ಚಿಮಟ ಬಂದಿತ್ತು. ನನ್ನನ್ನು ಅವಳ ಕೈಗಿಟ್ಟರು. "ಕುದಿಯೋ ನೀರಾಗ ಹಾಕಿ ಕೀಳು. ಇದು ಔಷಧ ಅಲ್ಲ, ನೆನಪಿರಲಿ. ಅತ್ತಿಗೆ ಧೈರ್ಯ ಬರೋತನ ಅಷ್ಟ. ಮುಂದಿನ ಕ್ಯಾಂಪಿಗೆ ಕರಕೊಂಡು ಬಾ."

ಹೀಗೆ ನಾನು ಹಸಿರು ಬಟ್ಟೆ ಬಿಟ್ಟು ಉಣ್ಣೆಯ ವಾಸನೆಯ ಮನೆಗೆ ಬಂದೆ.

ಆ ಮನೆಯಲ್ಲಿ ಕಸ್ತೂರಿ ಮಾಡಿದ್ದೆಲ್ಲ ತಪ್ಪು. ರೊಟ್ಟಿ ದಪ್ಪ, ಸಾರು ತೆಳುವು, ನಡಿಗೆ ಸದ್ದು. ಗಂಡ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವಳ ಮಾತನ್ನು ಕೇಳುವವರು ಯಾರೂ ಇರಲಿಲ್ಲ, ಅವಳೂ ಆಡುತ್ತಿರಲಿಲ್ಲ. ಆದರೆ ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಬೀರವ್ವ ಬಂದು ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಕಸ್ತೂರಿ ಎಡಗೈಯಿಂದ ರೆಪ್ಪೆಯನ್ನು ಎತ್ತಿ, ಉಸಿರು ಹಿಡಿದು, ನನ್ನ ತುದಿಯನ್ನು ಕೂದಲಿನ ಬುಡಕ್ಕೆ ಒಯ್ಯುತ್ತಿದ್ದಳು. ಅವಳ ಕೈ ನಡುಗುತ್ತಿರಲಿಲ್ಲ. ನನ್ನನ್ನು ಹಿಡಿದ ಕೈಗಳಲ್ಲಿ ಅಷ್ಟು ನಿಶ್ಚಲವಾದ ಕೈ ಇನ್ನೊಂದಿಲ್ಲ.

ಕೂದಲು ಬಂದೊಡನೆ ಬೀರವ್ವನ ಇಡೀ ಮೈ ಸಡಿಲವಾಗುತ್ತಿತ್ತು. "ಹಾ... ಜೀವ ಬಂತು ನೋಡ," ಎನ್ನುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಬೈಯುತ್ತಿರಲಿಲ್ಲ. ತಾನು ಸೊಸೆಯಾಗಿ ಬಂದ ಕಾಲದ ಕಥೆ ಹೇಳುತ್ತಿದ್ದಳು. ಹಾಗೆಯೇ ನಿದ್ದೆ ಹೋಗುತ್ತಿದ್ದಳು. ತೊಡೆ ಜೋಮು ಹಿಡಿದರೂ ಕಸ್ತೂರಿ ಕದಲುತ್ತಿರಲಿಲ್ಲ.

ಈ ಸುಖದಲ್ಲಿ ಕ್ಯಾಂಪಿನ ಮಾತು ಮರೆತುಹೋಯಿತು. ಕೂದಲು ಕಿತ್ತಷ್ಟೂ ಬೆಳೆಯುತ್ತಿತ್ತು. ಬೆಳೆದು ಬರುವ ಮೊಳಕೆ, ನಾವು ಕಾಣುವ ಮೊದಲೇ, ಕಣ್ಣಿಗೆ ತಾಗಿರುತ್ತಿತ್ತು. ಎಡಗಣ್ಣು ಪೂರ್ತಿ ಬೆಳ್ಳಗಾಯಿತು. ಆಗ ಬೀರವ್ವ ಹೆದರಿದಳು. ಮತ್ತೆ ಕ್ಯಾಂಪ್ ಬಂದ ಸುದ್ದಿ ಕೇಳಿ, "ಬಲಗಣ್ಣರ ಉಳಿಸ್ಕೋಬೇಕು, ನಡಿ," ಎಂದಳು.

ಹೊರಡುವ ಬೆಳಿಗ್ಗೆ ಎಂದಿನಂತೆ ಸೊಸೆಯ ತೊಡೆಯ ಮೇಲೆ ಮಲಗಿದಳು. "ಚೊಲೋತ್ನಾಗಿ ಕಿತ್ತುಬಿಡು. ಒಂದೂ ಉಳಸಬ್ಯಾಡ. ಡಾಕ್ಟರ ಮುಂದ ಕಸ ಹೊಡಿಲಾರದ ಅಂಗಳ ತೋರಿಸ್ಲೇನ?"

ಕಸ್ತೂರಿಗೂ ಅದು ಸರಿಯೆನಿಸಿತು. ದೇವರಿಗೆ ಹೋಗುವಾಗ ತಲೆಗೆ ನೀರು ಹಾಕಿಕೊಳ್ಳುವುದಿಲ್ಲವೇ? ಹಾಗೆಯೇ ಇದು. ಒಂದೊಂದನ್ನೂ ಹುಡುಕಿ ಕಿತ್ತಳು. ರೆಪ್ಪೆಯ ಅಂಚು ಗುಡಿಸಿದ ಅಂಗಳವಾಯಿತು. ಬೀರವ್ವ ಒಗೆದ ಸೀರೆ ಉಟ್ಟಳು.

ಕ್ಯಾಂಪಿನ ಬಾಗಿಲಲ್ಲೇ ಒಬ್ಬ ಹೊಸ ಡಾಕ್ಟರು ಕಣ್ಣು ನೋಡಿ, ಒಳಗೆ ಕಳಿಸಬೇಕಾದವರನ್ನು ಆರಿಸುತ್ತಿದ್ದರು. ಸಾಲು ರಸ್ತೆಯವರೆಗೆ ನಿಂತಿತ್ತು. ಬೀರವ್ವನ ಬಲಗಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಕರಿಗುಡ್ಡೆಗೆ ಒಂದು ಕೂದಲೂ ತಾಗುತ್ತಿರಲಿಲ್ಲ.

"ಈಗ ಚುಚ್ಚುತ್ತಾ ಅಮ್ಮ?"

"ಈಗ ಏನೂ ಇಲ್ರಿ, ಹಗೂರ ಐತಿ," ಎಂದಳು ಬೀರವ್ವ. ಅದು ನಿಜವೇ ಆಗಿತ್ತು.

"ಹಾಗಾದ್ರೆ ಈ ಕಣ್ಣಿಗೆ ಆಪರೇಷನ್ ಬೇಡ. ಹನಿ ಮದ್ದು ಹಾಕ್ಕೊಳ್ಳಿ. ಮುಂದಿನವರು ಬನ್ನಿ."

ನಾನು ಕಸ್ತೂರಿಯ ಚಂಚಿಯಲ್ಲಿದ್ದೆ. ಅವಳ ಬೆರಳುಗಳು ಬಟ್ಟೆಯ ಮೇಲಿಂದಲೇ ನನ್ನನ್ನು ಗಟ್ಟಿಯಾಗಿ ಒತ್ತಿದವು. ಕಿತ್ತು ಬಂದಿದ್ದೇವೆಂದು ಹೇಳಲು ಅವಳ ತುಟಿ ಅಲುಗಿತು. ಅಷ್ಟು ಜನರ ನಡುವೆ ಮಾತು ಹೊರಡಲಿಲ್ಲ. ಹಿಂದಿನವರು ತಳ್ಳಿದರು. ಎಸ್ತೇರಮ್ಮ ಒಳಗಿನ ಕೋಣೆಯಲ್ಲಿದ್ದರು, ನಮ್ಮನ್ನು ನೋಡಲಿಲ್ಲ. ದಾರಿಯುದ್ದಕ್ಕೂ ಬೀರವ್ವ ಕಂಡಕಂಡವರಿಗೆಲ್ಲ, "ದೊಡ್ಡ ಡಾಕ್ಟರ ಹೇಳ್ಯಾರ, ಕಣ್ಣು ಚೊಲೋ ಐತಂತ," ಎಂದು ಸಾರಿದಳು.

ಕೂದಲು ಮತ್ತೆ ಬಂತು. ಈ ಸಲ ಇನ್ನೂ ಒರಟಾಗಿ ಬಂತು. ಡಾಕ್ಟರೇ ಬೇಡವೆಂದ ಮೇಲೆ ಇನ್ನೇನು ಎಂದು ಕೀಳುತ್ತಲೇ ಇದ್ದರು. ಒಂದು ಮಧ್ಯಾಹ್ನ ಕಸ್ತೂರಿ ರೆಪ್ಪೆ ಎತ್ತಿದವಳು ಹಾಗೆಯೇ ಕೂತುಬಿಟ್ಟಳು. ಬಲಗಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಮಂಜಿನಂಥ ಒಂದು ಕಲೆ ಕೂತಿತ್ತು. ಅವಳು ಅತ್ತೆಗೆ ಹೇಳಲಿಲ್ಲ. ಅತ್ತೆಗೆ ಗೊತ್ತಿತ್ತು. ಆ ವಾರ ನೂಲಿನ ಎಳೆ ಎರಡು ಸಲ ಕಡಿದಿತ್ತು, ಅವಳು ಕದಿರನ್ನೇ ಬೈದಿದ್ದಳು.

ಮುಂದಿನ ಕ್ಯಾಂಪಿಗೆ ಜನರನ್ನು ಕರೆಯಲು ಎಸ್ತೇರಮ್ಮ ಮನೆಮನೆಗೆ ಬಂದರು. ಬೀರವ್ವನ ಕಣ್ಣು ನೋಡಿ ಸಿಡುಕಿದರು. "ಹೋದ ಸಲ ಯಾಕ ಬರಲಿಲ್ಲ?"

"ಬಂದಿದ್ದಿವ್ರಿ ಅಕ್ಕಾರ," ಎಂದಳು ಕಸ್ತೂರಿ, ನೆಲ ನೋಡುತ್ತ. "ಬ್ಯಾಡಂದ್ರು. ಆವತ್ತು ಮುಂಜಾನೆ ನಾನ ಎಲ್ಲಾ ಕಿತ್ತಿದ್ದೆ. ಡಾಕ್ಟರಿಗೆ ಹೊಲಸು ಕಾಣಬಾರದಂತ."

ಎಸ್ತೇರಮ್ಮನವರ ಸಿಡುಕು ಇಳಿಯಿತು. ಕಟ್ಟೆಯ ಮೇಲೆ ಕೂತರು. "ಕಿತ್ತು ಬಂದೀರೇನು ಅಂತ ಕೇಳಬೇಕಿತ್ತು ನಾವು. ಹೋಗಲಿ. ಈಗ ಕೇಳು. ಇನ್ನೊಂದು ವಾರ ಅದ ಕ್ಯಾಂಪಿಗೆ. ಅಲ್ಲೀತನ ಒಂದು ಕೂದಲೂ ಮುಟ್ಟಬ್ಯಾಡ. ಯಾವ ಕಡೆ ತಿರುಗ್ಯಾವ ಅಂತ ಕಂಡರ ಡಾಕ್ಟರು ಅಷ್ಟಕ್ಕ ಸರಿಯಾಗಿ ಕೊಯ್ತಾರ. ಈ ಮುಲಾಮು ಹಚ್ಚು, ಕಣ್ಣು ತಂಪಿರತದ. ಅತ್ತಿ ಬೈತಾಳ. ಬೈಲಿ."

ಬೀರವ್ವ ಬೈದಳು. ಮೊದಲು ಸೊಸೆಯನ್ನು, ಆಮೇಲೆ ಸೊಸೆಯ ತವರನ್ನು, ಆಮೇಲೆ ಹೆಣ್ಣು ನೋಡಲು ಹೋದ ತನ್ನ ಕಾಲನ್ನೇ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬೆಳಕಿಗೆ ಮುಖ ಕೊಡಲಾಗದೆ ಕಂಬಳಿ ಹೊದ್ದು ಮೂಲೆಯಲ್ಲಿ ಕೂತಳು. ಪಕ್ಕದ ಮನೆಯ ಹೊನ್ನವ್ವ ಬಂದು, "ಮುದುಕಿ ಹಿಂಗ ಒದ್ದಾಡಾಕತ್ತೈತಿ, ನಿನಗೇನ ಕರುಳಿಲ್ಲೇನ?" ಎಂದು ಕೇಳಿ ಹೋದಳು. ಕಸ್ತೂರಿ ನನ್ನನ್ನು ಗೋಡೆಯ ಗೂಡಿನಿಂದ ತೆಗೆದು ರವಿಕೆಯೊಳಗೆ ಇಟ್ಟುಕೊಂಡಳು. ಅತ್ತೆಯ ಕೈಗೆ ನಾನು ಸಿಗಬಾರದಿತ್ತು.

ಒಂದು ಮಧ್ಯಾಹ್ನ ಬೀರವ್ವ ಬೈಗುಳ ನಿಲ್ಲಿಸಿದಳು. ಗೋಡೆ ಹಿಡಿದುಕೊಂಡು ಬಂದು ಸೊಸೆಯ ತೊಡೆಯ ಮೇಲೆ ತಲೆಯಿಟ್ಟಳು. ಬೇಡುವ ದನಿ ಅವಳಿಗೆ ಬರುತ್ತಿರಲಿಲ್ಲ. ಆದರೂ ಬೇಡಿದಳು.

"ಒಂದ ಒಂದು ಕೀಳು, ಕಸ್ತೂರಿ. ಅದೊಂದ ಭಾಳ ಚುಚ್ಚತೈತಿ. ನಿನ್ನ ಕಾಲಿಗೆ ಬೀಳ್ತೀನಿ."

ಕಸ್ತೂರಿ ನನ್ನನ್ನು ಹೊರತೆಗೆದಳು. ರೆಪ್ಪೆ ಎತ್ತಿದಳು. ಆ ಕೂದಲು ನನಗೂ ಕಂಡಿತು, ಮಂಜಿನ ಕಲೆಯ ಮೇಲೆಯೇ ಬಿದ್ದಿತ್ತು. ನನ್ನ ತುದಿ ಅದರ ಬುಡದವರೆಗೆ ಹೋಯಿತು. ಕೀಳುವುದೊಂದೇ ನನಗೆ ಗೊತ್ತಿದ್ದ ಕೆಲಸ. ನಾನು ಕಾದೆ. ಕಸ್ತೂರಿಯ ಕೈ ಅಲ್ಲೇ ತಡೆಯಿತು. ನನ್ನನ್ನು ಹಿಂದಕ್ಕೆ ತೆಗೆದುಕೊಂಡಳು.

"ನನ್ನ ಹೊಟ್ಟಿಯ ಮಗಳಾಗಿದ್ರ ಕೀಳ್ತಿದ್ಲು," ಎಂದಳು ಬೀರವ್ವ.

ಕಸ್ತೂರಿ ಆ ಮನೆಯಲ್ಲಿ ಅಲ್ಲಿಯವರೆಗೆ ಎದುರು ಮಾತಾಡಿದವಳಲ್ಲ. "ಹೌದತ್ತಿ," ಎಂದಳು. "ಮಗಳಾಗಿದ್ರ ಕೀಳ್ತಿದ್ದೆ. ಸೊಸಿ ಅದೀನಿ. ಕೀಳೂದಿಲ್ಲ."

ಬೀರವ್ವ ಎದ್ದು ಹೋಗಲಿಲ್ಲ. ಕಸ್ತೂರಿ ಮುಲಾಮು ಹಚ್ಚಿ, ಅಂಗೈಯನ್ನು ಆ ಕಣ್ಣಿನ ಮೇಲೆ ಮುಚ್ಚಳದಂತೆ ಇಟ್ಟುಕೊಂಡು ಕೂತಳು.

ಕ್ಯಾಂಪಿನ ದಿನ ಬಾಗಿಲಲ್ಲಿ ಕೇಳುವ ಮೊದಲೇ ಕಸ್ತೂರಿ ಗಟ್ಟಿಯಾಗಿ ಹೇಳಿದಳು: "ವಾರದಿಂದ ಕಿತ್ತಿಲ್ರಿ. ಅದಕ್ಕೂ ಮೊದಲ ಕೀಳ್ತಿದ್ವಿ." ಸಾಲಿನವರೆಲ್ಲ ತಿರುಗಿ ನೋಡಿದರು. ಅವಳ ಕಿವಿ ಕೆಂಪಾಯಿತು, ಮಾತು ಮಾತ್ರ ತಡೆಯಲಿಲ್ಲ. ಬೀರವ್ವನನ್ನು ನೇರವಾಗಿ ಒಳಗೆ ಕಳಿಸಿದರು.

ಎಸ್ತೇರಮ್ಮ ಕಸ್ತೂರಿಯ ಕೈಯಿಂದ ನನ್ನನ್ನು ಇಸಿದುಕೊಂಡು ಕಿಟಕಿಯ ಮೇಲಿಟ್ಟರು. ಹಸಿರು ಬಟ್ಟೆಯ ಮೇಲೆ ನನ್ನ ಹಳೆಯ ಬಳಗ ಮಲಗಿತ್ತು. ಡಾಕ್ಟರ್ ಇಂದುಧರ ಮದ್ದು ಕೊಟ್ಟರು. ಕ್ಲಾಂಪ್ ರೆಪ್ಪೆಯನ್ನು ಮಗುಚಿ ಹಿಡಿದ. ಬೀರವ್ವನ ಕಾಲ್ಬೆರಳುಗಳು ಸೆಟೆದುಕೊಂಡವು, ಆದರೆ ಅವಳು ಏಳಲಿಲ್ಲ. ಕತ್ತಿ ರೆಪ್ಪೆಯ ಒಳಗಡೆ ಅಂಚಿನುದ್ದಕ್ಕೂ ಒಂದು ಗೆರೆ ಎಳೆಯಿತು. ಬಾಗಿದ ಸೂಜಿ ಆ ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿಯಿತು. ನಾನು ಬೇರೆಲ್ಲ ಬಿಟ್ಟು ಕೂದಲುಗಳನ್ನೇ ನೋಡುತ್ತಿದ್ದೆ. ಅಷ್ಟು ಕಾಲ ಒಳಮುಖವಾಗಿದ್ದವು ಒಂದೊಂದಾಗಿ ಹೊರಗಿನ ಗಾಳಿಗೆ ತಲೆ ಎತ್ತಿದವು. ಒಂದನ್ನೂ ಕೀಳಬೇಕಾಗಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದರು. ಬೀರವ್ವ ಬಹಳ ಹೊತ್ತು ರೆಪ್ಪೆ ತೆರೆಯಲಿಲ್ಲ. ತೆರೆದಾಗ ಬಡಿಯಲು ಹೆದರಿದಳು. ಆಮೇಲೆ ಬಡಿದಳು. ಮತ್ತೆ ಬಡಿದಳು. ಚುಚ್ಚಲಿಲ್ಲ. ಎಡಗಣ್ಣು ಬೆಳ್ಳಗೇ ಇತ್ತು, ಬಲಗಣ್ಣಿನ ಅಂಚಿನ ಕಲೆಯೂ ಇದ್ದಲ್ಲೇ ಇತ್ತು. ಮಿಕ್ಕ ಜಾಗದಿಂದ ಅವಳು ಸೊಸೆಯನ್ನು ನೋಡಿದಳು.

"ಎಷ್ಟು ಸೊರಗೀದಿಯೇ ಹುಡುಗಿ! ವಾರ ಎಲ್ಲಾ ನನ್ನ ಬೈಗಳಾನ ಉಂಡು ಮಲಗೀದಿಯೇನ?"

ಕಸ್ತೂರಿ ನಗಲು ಹೋಗಿ ಅತ್ತಳು.

ಈಗ ನನಗೆ ವಯಸ್ಸಾಗಿದೆ. ತುದಿಗಳು ಮೊದಲಿನಂತೆ ಕೂಡುವುದಿಲ್ಲ, ನಡುವೆ ಬೆಳಕು ಕಾಣುತ್ತದೆ. ಹರಡಿದ ಉಣ್ಣೆಯಿಂದ ಕಸ ಹೆಕ್ಕಲು ಆಗಾಗ ನನ್ನನ್ನು ತೆಗೆಯುತ್ತಾರೆ. ಉಳಿದ ದಿನ ಗೂಡಿನಲ್ಲಿರುತ್ತೇನೆ. ಕಣ್ಣು ಒರೆಸಿಕೊಳ್ಳುತ್ತ ಹೆಂಗಸರು ಈ ಮನೆಗೆ ಬರುತ್ತಾರೆ. ಮೊನ್ನೆ ಆ ಹೊನ್ನವ್ವನೇ ಬಂದಿದ್ದಳು. "ನಿನ್ನ ಕೈ ಹಗೂರ ಐತಂತ. ಒಂದ ಕೂದಲ ಕಿತ್ತುಬಿಡವ್ವ ತಾಯಿ."

ಕಸ್ತೂರಿ ಅವಳನ್ನು ಹೊಸ್ತಿಲ ಬೆಳಕಿಗೆ ಕೂರಿಸಿ, ರೆಪ್ಪೆ ಎತ್ತಿ ನೋಡಿದಳು. ನನ್ನ ಕಡೆ ಕೈ ಚಾಚಲಿಲ್ಲ. ಅಂಗಳದಲ್ಲಿ ನೂಲುತ್ತಿದ್ದ ಬೀರವ್ವ ಅಲ್ಲಿಂದಲೇ ಕೂಗಿದಳು: "ಆಕಿ ಕೀಳಂಗಿಲ್ಲ ಬಿಡ! ಕಲ್ಲ ಮನಸಿನಾಕಿ ನಮ್ಮ ಸೊಸಿ. ಅಳು, ಬೈ, ಕಾಲಿಗೆ ಬೀಳು, ಕೀಳಂಗಿಲ್ಲ. ಸುಮ್ನ ಕ್ಯಾಂಪಿಗೆ ನಡಿ, ನಾನೂ ಬರತೀನಿ."

ಅವಳ ಆ ದನಿಯಲ್ಲಿ ಎಷ್ಟು ಹೆಮ್ಮೆಯಿತ್ತೆಂದು ಹೊನ್ನವ್ವನಿಗೆ ತಿಳಿಯಿತೋ ಇಲ್ಲವೋ. ನನಗೆ ತಿಳಿಯಿತು. ಲೆಕ್ಕವಿಲ್ಲದಷ್ಟು ಕೂದಲು ಕಿತ್ತಿದ್ದೇನೆ. ಒಂದೊಂದೂ ಒಂದಿಷ್ಟು ದಿನದ ನೆಮ್ಮದಿ ಕೊಟ್ಟು ಮತ್ತೆ ಬೆಳೆಯಿತು. ನಾನು ಬುಡದವರೆಗೆ ಹೋಗಿ ಮುಟ್ಟದೆ ಹಿಂದಕ್ಕೆ ಬಂದ ಆ ಒಂದು ಕೂದಲು ಮಾತ್ರ ಈಗಲೂ ಬೀರವ್ವನ ರೆಪ್ಪೆಯ ಮೇಲಿದೆ. ಹೊರಮುಖವಾಗಿ, ಧೂಳು ತಡೆಯುತ್ತ, ತನ್ನ ಕೆಲಸ ಮಾಡಿಕೊಂಡಿದೆ.