ನಿಯಮ ಬದಲಾಗಿದೆ, ನಿಮ್ಮಮ್ಮ ಅಲ್ಲ

ನಮ್ಮ ಮನೆಯ ಟೀವಿ ಬೀದಿಯ ಕೊನೆಯ ಮನೆಯವರಿಗೂ ಕೇಳಿಸುತ್ತಿತ್ತು. ನಮ್ಮತ್ತೆಗೆ ಮಾತ್ರ ಕೇಳಿಸುತ್ತಿರಲಿಲ್ಲ. ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡು, "ಈಗೀಗ ಟೀವಿಯವರೂ ಗೊಣಗ್ತಾರೆ" ಎಂದು ಬೈಯುತ್ತಿದ್ದರು. ಅತ್ತೆಯ ಪ್ರಕಾರ ಅವರ ಕಿವಿ ಗಟ್ಟಿಮುಟ್ಟಾಗಿತ್ತು, ಲೋಕದ ಗಂಟಲೇ ಕೆಟ್ಟಿತ್ತು.

ಅವರು ಇಪ್ಪತ್ತೆಂಟು ವರ್ಷ ನೇಯ್ಗೆ ಕಾರ್ಖಾನೆಯಲ್ಲಿ ದುಡಿದವರು. ಮಗ್ಗಗಳ ಗದ್ದಲದಲ್ಲಿ ಪಕ್ಕದವಳು ಕಿರುಚಿದರೂ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ನಾವೀಗ ಕಿವಿಗೆ ಬಿರಡೆ ಹಾಕಿಕೊಳ್ಳುತ್ತೇವೆ, ಅವರ ಕಾಲದಲ್ಲಿ ಅದೂ ಇರಲಿಲ್ಲ. ಅದೇ ಕಾರ್ಖಾನೆಯಲ್ಲಿ ಈಗ ನಾನು ನೇಯುತ್ತೇನೆ, ಹಾಗಾಗಿ ಮನೆಯಲ್ಲೂ ಅತ್ತೆ ಸೊಸೆಯ ಅರ್ಧ ಮಾತು ಕೈಯಲ್ಲೇ ನಡೆಯುತ್ತಿತ್ತು. ಉಳಿದರ್ಧವನ್ನು, ನಿಜ ಹೇಳಬೇಕೆಂದರೆ, ನಾನು ಒಲೆಯ ಮುಂದೆ ನಿಂತು ಬಾಯೊಳಗೇ ಗೊಣಗಿಕೊಳ್ಳುತ್ತಿದ್ದೆ. ಆ ಗೊಣಗಾಟಕ್ಕೆ ಐದಾರು ವರ್ಷ ಯಾರ ಅಡ್ಡಿಯೂ ಇರಲಿಲ್ಲ.

ಇದರಿಂದ ನನಗಿಂತ ಹೆಚ್ಚು ಲಾಭ ಮಾಡಿಕೊಂಡವಳು ನನ್ನ ಐದು ವರ್ಷದ ಮಗಳು. ಅವಳು ಏನೇ ಕೇಳಲಿ, ಅಜ್ಜಿ ನಕ್ಕು "ಹ್ಞೂ" ಎನ್ನುತ್ತಿದ್ದರು. ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಮಗಳು ಗೋಡೆಗೆ ಬಣ್ಣ ಬಳಿದಳು, "ಅಜ್ಜಿ ಹ್ಞೂ ಅಂದ್ರು." ಅಪ್ಪನ ಬೂಟನ್ನು ಬಕೆಟ್ಟಿನಲ್ಲಿ ದೋಣಿ ಮಾಡಿ ತೇಲಿಬಿಟ್ಟಳು, "ಅಜ್ಜಿ ಹ್ಞೂ ಅಂದ್ರು." ನಾವೂ ನಗುತ್ತಿದ್ದೆವು.

ಒಂದು ಸಂಜೆ ಶಾಲೆಯಿಂದ ಬಂದವಳು ಅಜ್ಜಿಯನ್ನು ದಾಟಿಕೊಂಡು, ಶಾಲೆಯ ಸುದ್ದಿ ಹೇಳಲು ನೇರ ನನ್ನ ಹತ್ತಿರ ಓಡಿ ಬಂದಳು.

"ಅಜ್ಜಿಗೆ ಹೇಳು ಪುಟ್ಟಿ, ಕಾಯ್ತಾ ಇದಾರೆ ನೋಡು" ಎಂದೆ.

"ಬೇಡಮ್ಮ. ಅಜ್ಜಿ ಬರೀ ಹ್ಞೂ ಅಂತಾರೆ."

ಅತ್ತೆ ಚಾಚಿದ ಕೈ ಹಾಗೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಇನ್ನೊಂದು ವರ್ಷ ಹೀಗೇ ಕಳೆದರೆ ಈ ಹುಡುಗಿ ಅಜ್ಜಿಯ ಹತ್ತಿರ ಮಾತಾಡುವುದನ್ನೇ ಬಿಡುತ್ತಾಳೆ ಎಂದು ನನಗೆ ಭಯವಾಯಿತು.

ಮರುದಿನ ಊಟದ ಬಿಡುವಿನಲ್ಲಿ ಚೀಟಿಯಕ್ಕನ ಹತ್ತಿರ ಹೇಳಿಕೊಂಡೆ. ಚೀಟಿಯಕ್ಕ ನೂಲು ಸುತ್ತುವವಳು, ಕೆಲಸಗಾರರ ಪ್ರತಿನಿಧಿ. ಕೈಯಲ್ಲಿ ಸದಾ ಒಂದು ಕಾಗದ ಇರುತ್ತದೆ, ಅದಕ್ಕೇ ಆ ಹೆಸರು.

"ಅಲ್ವೇ, ಗೋಡೆ ಮೇಲಿನ ನೋಟೀಸು ಓದಿಲ್ವಾ ನೀನು?"

"ಅಲ್ಲಿ ನಾನು ಛತ್ರಿ ನೇತು ಹಾಕ್ತೀನಿ."

"ಸರಿಹೋಯ್ತು! ನಿನ್ನ ಛತ್ರಿ ಹಿಂದೇನೇ ಇದೆ ಕಣೇ ನಿಮ್ಮತ್ತೆ ಕಿವಿ!" ಚೀಟಿಯಕ್ಕ ಕಾಗದ ಬಿಡಿಸಿದಳು. "ನಮ್ಮ ಆರೋಗ್ಯ ವಿಮೆ ಇದೆಯಲ್ಲ, ಅದರ ನಿಯಮ ಬದಲಾಗಿದೆ. ಮದುವೆಯಾದ ಹೆಂಗಸರು ಇಷ್ಟು ದಿನ ಗಂಡ, ಮಕ್ಕಳು, ಹೆತ್ತವರನ್ನ ಮಾತ್ರ ಸೇರಿಸಬಹುದಿತ್ತು. ಈಗ ಅತ್ತೆ ಮಾವನ್ನೂ ಸೇರಿಸಬಹುದು. ಕಿವಿ ಪರೀಕ್ಷೆ, ಕಿವಿ ಯಂತ್ರ ಎರಡೂ ಅದರಲ್ಲಿ ಬರುತ್ತೆ. ಮೊದಲೇ ಇದ್ದ ತೊಂದರೆ ಅಂತ ನೆಪ ಹೇಳಿ ಹೆಸರು ಬಿಡೋ ಹಾಗಿಲ್ಲ."

"ಸಂಬಳದಲ್ಲಿ ಹಿಡ್ಕೊಳ್ತಾರಾ?"

"ಇಲ್ಲ. ಕಂತು ಕಾರ್ಖಾನೆಯವರೇ ಕಟ್ಟಬೇಕು, ಅದೂ ನಿಯಮದಲ್ಲೇ ಇದೆ. ಆದ್ರೆ ಅರ್ಜಿ ಕೊಡೋಕೆ ಈ ಶುಕ್ರವಾರ ಕೊನೇ ದಿನ. ನಿಮ್ಮತ್ತೇದೂ ಸಹಿ ಬೇಕು."

ನನ್ನ ಗಂಡ ಬಡಗಿ, ಅವನಿಗೆ ಅವನೇ ಧಣಿ. ಅವನ ಕಡೆಯಿಂದ ಯಾವ ವಿಮೆಯೂ ಇಲ್ಲ. ಇದ್ದ ದಾರಿ ಇದೊಂದೇ. ಸಂಜೆ ಅರ್ಜಿ ಹಿಡಿದು ಮನೆಗೆ ಹಾರಿಕೊಂಡೇ ಬಂದೆ.

"ಅತ್ತೇ! ನಿಯಮ ಬದಲಾಗಿದೆ!"

"ನಿಮ್ಮಮ್ಮ ಬದಲಾಗಿದಾರಾ?" ಅತ್ತೆ ಕಣ್ಣರಳಿಸಿದರು. "ಬೀಗಿತ್ತಿ ಬದಲಾಗೋದು ಅಂದ್ರೇನು! ಯಾವಾಗಿಂದ?"

"ನಿಮ್ಮಮ್ಮ ಅಲ್ಲ ಅತ್ತೆ, ನಿಯಮ!"

"ನಮ್ಮಮ್ಮನಾ? ಅವರು ತೀರಿಹೋಗಿ ಇಪ್ಪತ್ತು ವರ್ಷ ಆಯ್ತಲ್ಲೇ!"

ಗಂಟಲು ಸೋತು ಕೈಗೆ ಇಳಿದೆ. ವಿಮೆ, ಕಿವಿ, ಕಾರ್ಖಾನೆ ಎಲ್ಲವನ್ನೂ ಸನ್ನೆಯಲ್ಲಿ ಹೇಳಿದೆ. ಅರ್ಜಿಯಲ್ಲಿ 'ಅವಲಂಬಿತರು' ಎಂಬ ಕಾಲಮ್ಮಿನಲ್ಲಿ ನಿಮ್ಮ ಹೆಸರು ಎಂದು ಹೇಳಲು ಹೊರಟಾಗ ಸಿಕ್ಕಿಬಿದ್ದೆ. ಮಗ್ಗದ ಸನ್ನೆಯಲ್ಲಿ ಆ ಮಾತಿಲ್ಲ. ನನಗೆ ತೋಚಿದಂತೆ ತಲೆಯನ್ನು ನನ್ನ ಹೆಗಲಿಗೇ ವಾಲಿಸಿ, ಯಾರಿಗೋ ಒರಗಿಕೊಂಡಂತೆ ತೋರಿಸಿದೆ. ಕಾರ್ಖಾನೆಯಲ್ಲಿ ಆ ಸನ್ನೆಗೆ 'ಕೆಲಸಗಳ್ಳಿ, ನಿದ್ದೆ ಹೊಡೀತಿದಾಳೆ' ಎಂದು ಅರ್ಥ, ಅದನ್ನೇ ಮರೆತಿದ್ದೆ.

ಅತ್ತೆಯ ಮುಖ ಕೆಂಪಾಯಿತು. "ನಾನಾ? ನಾನು ನಿದ್ದೆ ಹೊಡೀತೀನಾ?"

ಗಾಬರಿಯಲ್ಲಿ ಅರ್ಜಿಯನ್ನೇ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಪರಿಸ್ಥಿತಿ ಇನ್ನೂ ಹದಗೆಟ್ಟಿತು.

"ಅವಲಂಬಿತರು! ಇಪ್ಪತ್ತೆಂಟು ವರ್ಷ ನಾಲ್ಕು ಮಗ್ಗ ನೋಡ್ಕೊಂಡವಳು, ಸೊಸೆ ಮೇಲೆ ಅವಲಂಬಿತಳಾ? ಸಹಿ ಹಾಕಲ್ಲ. ನನಗೆ ಕೇಳುತ್ತೆ, ನೀವೆಲ್ಲ ಬಾಯಿ ಬಿಟ್ಟು ಮಾತಾಡಿದ್ರೆ ಸಾಕು."

ಗುರುವಾರ ಸಂಜೆ ಚೀಟಿಯಕ್ಕನನ್ನು ಮನೆಗೆ ಕರೆತಂದೆ. ಅತ್ತೆ ಅವಳ ಎದುರು ಕೈ ಕಟ್ಟಿ ಕೂತರು.

"ಈ ವಿಮೆ ಎಲ್ಲ ನಾನೂ ನೋಡಿದೀನಮ್ಮ. ನಾನು ಕೆಲಸ ಬಿಟ್ಟ ದಿನವೇ ನನ್ನ ಕಾರ್ಡು ವಾಪಸ್ ಇಸ್ಕೊಂಡ್ರು."

"ಅದು ಆಗಿನ ನಿಯಮ ದೊಡ್ಡಮ್ಮ" ಎಂದು ಚೀಟಿಯಕ್ಕ ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದಳು. "ಆ ಕಾರ್ಡು ನಿಮ್ಮ ಕೆಲಸದ್ದು. ಇದು ನಿಮ್ಮ ಸೊಸೆ ಕೆಲಸದ್ದು. ಅವಳು ನೇಯೋವರೆಗೂ ನಿಮಗೂ ಇರುತ್ತೆ."

"ಇರಲಿ. ಆ ಪದ ತೆಗೆಸು, ಸಹಿ ಹಾಕ್ತೀನಿ."

ಕಾನೂನು ಬರೆದವರು ನಮ್ಮತ್ತೆಯನ್ನು ಕೇಳಿ ಬರೆದಿರಲಿಲ್ಲ, ಪದ ತೆಗೆಸುವುದು ಹೇಗೆ? ನನಗೆ ರೇಗಿಹೋಯಿತು. ಅರ್ಜಿಯನ್ನು ಕಿತ್ತುಕೊಂಡು ಹಿಂದಿನ ಖಾಲಿ ಪುಟಕ್ಕೆ ತಿರುಗಿಸಿ ದಪ್ಪ ಅಕ್ಷರದಲ್ಲಿ ಬರೆದೆ: 'ಅರ್ಜಿದಾರರು: ಅತ್ತೆ. ಅವಲಂಬಿತರು: ಸೊಸೆ. ಬೆಳಿಗ್ಗೆ ಎಬ್ಬಿಸುವುದಕ್ಕೆ, ಹರಿದದ್ದು ಹೊಲಿಯುವುದಕ್ಕೆ, ಪಾಳಿ ಮುಗಿಯುವವರೆಗೆ ಮಗಳನ್ನು ನೋಡಿಕೊಳ್ಳುವುದಕ್ಕೆ.' ಬರೆದು ಅವರ ಮುಂದಿಟ್ಟೆ. ಕೋಪದಲ್ಲೇ ಶುರು ಮಾಡಿದ್ದೆ, ಬರೆಯುತ್ತಾ ಹೋದಂತೆ ಕಣ್ಣು ತುಂಬಿತು, ಏಕೆಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅತ್ತೆ ಎರಡು ಸಲ ಓದಿದರು. ಪೆನ್ನಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದರು.

"ಮಗನ ಹೆಸರು ಬಿಟ್ಟಿದೀಯ. ಅವನೇ ಹೆಚ್ಚು ಅವಲಂಬಿತ. ಬರಿ: ಕೀಲಿಕೈ, ಅಳತೆ ಟೇಪು, ಬುದ್ಧಿ."

ಮೂಲೆಯಲ್ಲಿ ಸ್ಟೂಲು ಉಜ್ಜುತ್ತಿದ್ದ ನನ್ನ ಗಂಡ ಟೇಪಿಗಾಗಿ ಜೇಬು ತಡಕಿಕೊಂಡು, "ಅಮ್ಮಾ, ಅಳತೆ ಟೇಪು ಎಲ್ಲಿ?" ಎಂದ. ಚೀಟಿಯಕ್ಕ ಬಿದ್ದೂ ಬಿದ್ದೂ ನಕ್ಕಳು. ಅತ್ತೆ ಗತ್ತಿನಿಂದ ಮೊದಲು ಹಿಂದಿನ ಪುಟಕ್ಕೆ ಸಹಿ ಹಾಕಿ, ನನ್ನಿಂದಲೂ ಹಾಕಿಸಿ, ಆಮೇಲೆ ಮುಂದಿನ ಪುಟಕ್ಕೆ ಹಾಕಿದರು.

ಶುಕ್ರವಾರ ಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಟ್ಟಾಗಲೇ ನನ್ನ ಎಡವಟ್ಟು ನೆನಪಾದದ್ದು. ಗುಮಾಸ್ತರು ಹಿಂದಿನ ಪುಟವನ್ನೇ ಮೊದಲು ಓದಿದರು, ಅದೂ ಗಟ್ಟಿಯಾಗಿ. "ಅವಲಂಬಿತರು, ಮಗ. ಕೀಲಿಕೈ, ಅಳತೆ ಟೇಪು, ಬುದ್ಧಿ... ಏನಮ್ಮಾ ಇದು?"

ಬೇರೆ ಅರ್ಜಿ ತಂದು, ಮನೆಗೆ ಓಡಿ, ಮತ್ತೆ ಸಹಿ ಮಾಡಿಸಲು ಹೊತ್ತೆಲ್ಲಿತ್ತು? "ತಿರುಗಿಸಿ ಸಾರ್, ಅಸಲಿ ಅರ್ಜಿ ಆ ಕಡೆ ಇದೆ" ಎಂದೆ. ಅವರು ತಿರುಗಿಸಿ ಹೆಸರು, ವಯಸ್ಸು, ಸಹಿ ಎಲ್ಲವನ್ನೂ ನಿಧಾನವಾಗಿ ನೋಡಿ ಮೊಹರು ಒತ್ತಿದರು. ಆಮೇಲೆ ಹಾಳೆ ಮಗುಚಿ ಹಿಂದಿನ ಪುಟಕ್ಕೂ ಒಂದು ಒತ್ತಿದರು. "ಇದೂ ಮಂಜೂರು. ನಮ್ಮನೇಲೂ ಇದೇ ಕಥೆ" ಎಂದು ಎರಡೂ ಪುಟದ ನಕಲು ತೆಗೆದುಕೊಟ್ಟರು.

ಮುಂದಿನ ತಿಂಗಳು ಪರೀಕ್ಷೆ ಆಯಿತು. ಹುಣಸೆ ಬೀಜದಷ್ಟು ಚಿಕ್ಕ ಯಂತ್ರ ಅತ್ತೆಯ ಕಿವಿಯ ಹಿಂದೆ ಕೂತಿತು. ಆಸ್ಪತ್ರೆಯ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಇಟ್ಟವರು ಗಕ್ಕನೆ ನಿಂತರು.

"ನನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತೇನೇ?" ಎಂದು ಮತ್ತೆ ನಾಲ್ಕು ಹೆಜ್ಜೆ ಹಾಕಿ ಮಗುವಿನ ಹಾಗೆ ನಕ್ಕರು.

ಮನೆಗೆ ಬಂದು ಒಲೆ ಹಚ್ಚಿದೆ. ಅಭ್ಯಾಸಬಲ ನೋಡಿ, "ಉಪ್ಪಿನ ಡಬ್ಬಿ ಎಲ್ಲಿಟ್ಟಿದಾರೋ ಮಹಾರಾಣಿ" ಎಂದು ಗೊಣಗಿದೆ.

"ನಿನ್ನ ಎಡಗೈ ಪಕ್ಕದಲ್ಲೇ ಇದೆ ಕಣೇ ಮಹಾರಾಣಿ!" ಎಂದು ಹೊರಗಿನಿಂದ ಉತ್ತರ ಬಂತು.

ನಾನು ನಾಲಿಗೆ ಕಚ್ಚಿಕೊಂಡು ನಿಂತಿರುವಾಗಲೇ ಮಗಳು ಬಣ್ಣದ ಪೆಟ್ಟಿಗೆ ಹಿಡಿದು ಅಜ್ಜಿಯ ಬಳಿ ಹೋಗಿದ್ದು ಕಾಣಿಸಿತು. ಹಳೇ ಧೈರ್ಯದಲ್ಲಿ, ಪಿಸುಮಾತಿನಲ್ಲಿ ಕೇಳಿದಳು, "ಅಜ್ಜಿ, ಬಾಗಿಲಿಗೆ ಬಣ್ಣ ಬಳೀಲಾ?"

"ಉಹ್ಞೂಂ!" ಎಂದರು ಅತ್ತೆ.

ಮಗಳು ಬಣ್ಣದ ಪೆಟ್ಟಿಗೆ ಅಲ್ಲೇ ಎಸೆದು ಮನೆಯಿಡೀ ಕುಣಿದಾಡಿದಳು. "ಅಮ್ಮಾ! ಅಜ್ಜಿ ಬೇಡ ಅಂದ್ರು! ಅಜ್ಜಿ ಬೇಡ ಅಂದ್ರು!" ಬೇಡ ಎನಿಸಿಕೊಂಡು ಅಷ್ಟು ಖುಷಿಪಟ್ಟ ಮಗುವನ್ನು ನಾನು ಬೇರೆಲ್ಲೂ ನೋಡಿಲ್ಲ. ಆಮೇಲೆ ಅಜ್ಜಿಯ ತೊಡೆಯೇರಿ ಶಾಲೆಯ ಸುದ್ದಿ ಶುರು ಮಾಡಿದವಳು ಊಟಕ್ಕೆ ಕರೆದರೂ ಏಳಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಳೆ ಕೆಲಸಕ್ಕೆ ಹೋದಾಗ ನೋಟೀಸು ಹಲಗೆಯ ಮೇಲಿಂದ ನಿಮ್ಮ ಛತ್ರಿ ತೆಗೆಯಿರಿ. ನಮ್ಮ ಆರೋಗ್ಯ ವಿಮೆಯಲ್ಲಿ ಈಗ ಯಾರು ಯಾರು ಸೇರುತ್ತಾರೆ, ಏನೇನು ಸಿಗುತ್ತದೆ, ಕೊನೆಯ ದಿನ ಯಾವುದು ಎಂದು ಕೇಳಿ. ಒಂದೊಂದು ಕಡೆ ಒಂದೊಂದು ನಿಯಮ, ಅದೂ ಆಗಾಗ ಬದಲಾಗುತ್ತದೆ. ನಿಮ್ಮಲ್ಲಿ ಹೇಗಿದೆ ಎಂಬುದನ್ನು ಬರಹದಲ್ಲೇ ಪಡೆಯಿರಿ, ಕೊಟ್ಟ ಅರ್ಜಿಯ ನಕಲು ಇಟ್ಟುಕೊಳ್ಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ದುಡಿಮೆಯ ಹಕ್ಕು. ಮನೆಯಲ್ಲಿ ಹಿರಿಯರು 'ಅವಲಂಬಿತರು' ಎಂಬ ಪದಕ್ಕೆ ಮುನಿಸಿಕೊಂಡರೆ, ಹಿಂದಿನ ಪುಟ ಖಾಲಿ ಇರುತ್ತದೆ, ಬರೆಯಿರಿ. ನಮ್ಮ ಮನೆಯಲ್ಲಿ ಗೋಡೆಗೆ ಹಾಕಿರುವುದು ಆ ಪುಟವನ್ನೇ.