ಎಡಸುತ್ತು

"ಹಾಗಾದ್ರೆ ಗರ್ಭಗುಡಿ ಎಲ್ಲಿತ್ತು?"

ಕುಸುಮಾವತಿ ಕೇಳಿದ್ದು ಯಾರನ್ನೂ ಅಲ್ಲ. ಮೊಣಕಾಲೆತ್ತರಕ್ಕೆ ಉಳಿದ ಮಣ್ಣುಗೋಡೆಗಳ ನಡುವೆ ನಿಂತು, ಗಾಳಿಗೆ ಹಾರುವ ಸೆರಗನ್ನು ತಲೆಗೆ ಒತ್ತಿಹಿಡಿದು, ಬಯಲಿಗೇ ಕೇಳಿದಳು. ಕೊಲ್ಲಿ ನಾಡಿನ ಫೈಲಕಾ ದ್ವೀಪದ ಈ ಪಾಳುಮಠಕ್ಕೆ ಅವಳನ್ನೂ ಗಂಡ ಸುಕುಮಾರನನ್ನೂ ಕರೆತಂದವನು ಫರ್ವಾನಿಯಾದ ಪಕ್ಕದ ಫ್ಲ್ಯಾಟಿನ ಆಂಥೋನಿ. ಬಹಳ ಹಿಂದೆ ಕ್ರೈಸ್ತ ಸನ್ಯಾಸಿಗಳು ಇಲ್ಲಿ ಜಪ ಮಾಡಿಕೊಂಡಿದ್ದರೆಂದು ದೋಣಿಯಲ್ಲೇ ಹೇಳಿದ್ದ.

"ಗರ್ಭಗುಡಿ ಅಲ್ಲ ಅಕ್ಕ, ಆಲ್ತಾರ್. ಅಗೋ, ಆ ಮೂಡು ಗೋಡೆಯ ಹತ್ತಿರ," ಎಂದ ಆಂಥೋನಿ. "ಈಗ ಪಾದ್ರಿಯೂ ಇಲ್ಲ, ಕಾಣಿಕೆ ಡಬ್ಬಿಯೂ ಇಲ್ಲ. ನಿಮ್ಮ ಗಂಡನಿಗೆ ಲಾಭ."

ಸುಕುಮಾರ ನಗಲಿಲ್ಲ. ಹೋಟೆಲಿನ ಅಡುಗೆಮನೆ, ಬಸ್ಸು, ಮನೆ ಬಿಟ್ಟು ಬೇರೆಲ್ಲಿಗೂ ಹೋದವನಲ್ಲ ಅವನು. ಯುದ್ಧದ ಕಾಲಕ್ಕೆ ಜನ ಬಿಟ್ಟುಹೋದ ಮನೆಗಳ ಗುಂಡಿನ ತೂತುಗಳನ್ನು ದಾರಿಯುದ್ದಕ್ಕೂ ಎಣಿಸುತ್ತ ಬಂದಿದ್ದ. ವಾಸದ ಪರವಾನಗಿಯ ಕಾರ್ಡು, ಇಕಾಮಾ, ಇದೆಯೇ ಎಂದು ಮತ್ತೊಮ್ಮೆ ಜೇಬು ಮುಟ್ಟಿಕೊಂಡ.

ಕುಸುಮಾವತಿ ಚಪ್ಪಲಿ ಕಳಚಿದಳು. "ಒಂದು ಸುತ್ತು ಬಂದು ಬಿಡ್ತೇನೆ."

"ಇದು ಇಗರ್ಜಿ ಮಾರಾಯ್ತಿ, ದೇವಸ್ಥಾನ ಅಲ್ಲ."

"ಜಪ ಆದ ಜಾಗ ಅಲ್ವಾ? ಅಶ್ಮಿತಾಳ ಬಗ್ಗೆ ಕೇಳಿಕೊಳ್ಳದೆ ಹೋಗುದು ಹೇಗೆ?"

ಮಗಳು ಅಶ್ಮಿತಾ ಹವಲ್ಲಿಯ ತನ್ನ ಮನೆಯಲ್ಲಿ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಈ ಸಲ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಸುಕುಮಾರ ಅವಳ ಚಪ್ಪಲಿಗಳನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟ.

ಗೋಡೆಯನ್ನು ಬಲಕ್ಕಿಟ್ಟುಕೊಂಡು ಅವಳು ಹೊರಟಳು. ಎಳವೆಯಲ್ಲಿ ಭಜನೆಯ ಮನೆಯಲ್ಲಿ ಕೇಳಿ ಕೇಳಿ ಬಾಯಿಗೆ ಬಂದ ಪದ ತುಟಿಯ ಮೇಲೆ. ಪದದ ತಾಳಕ್ಕೆ ಹೆಜ್ಜೆ. ಮೂಡು ಗೋಡೆಯ ಹಿಂದೆ ಹಗ್ಗವೊಂದನ್ನು ಅಡ್ಡ ಕಟ್ಟಿದ್ದರು. ಅದರ ತುಂಬ ಕೆಂಪು ಬಟ್ಟೆಯ ಚೂರುಗಳು. ಯಾರ್ಯಾರ ಹರಕೆಯೋ ಎಂದುಕೊಂಡು, ಒಂದನ್ನು ಕಣ್ಣಿಗೊತ್ತಿ, ತಲೆ ಬಗ್ಗಿಸಿ ಹಗ್ಗದಡಿ ನುಸುಳಿದಳು.

"ಲಾ! ಮಾಮಾ, ಲಾ! ಲಗಮ್! ಲಗಮ್!"

ಬೇಡ ಅಮ್ಮಾ, ಬೇಡ ಎಂದು ಅರಬ್ಬಿಯಲ್ಲಿ ಕೂಗುತ್ತ ಕಾವಲಿನ ಸ್ಯಾಮುವೆಲ್ ತಗಡಿನ ಶೆಡ್ಡಿನಿಂದ ಓಡಿಬಂದ. ಈಜಿಪ್ಟಿನವನು, ಮಣಿಕಟ್ಟಿನ ಮೇಲೆ ಹಚ್ಚೆಯ ಪುಟ್ಟ ಶಿಲುಬೆ. ತನ್ನೂರಿನ ಮರಳುಗಾಡಲ್ಲೂ ಇಂಥ ಮಠವಿದೆ, ಅಲ್ಲಿ ಇಂದಿಗೂ ಪ್ರಾರ್ಥನೆ ನಿಂತಿಲ್ಲ ಎಂದು ಆಗಷ್ಟೇ ಚಹಾ ಕೊಡುತ್ತ ಹೇಳಿದ್ದವನ ಮುಖ ಈಗ ಬಿಳುಚಿತ್ತು.

"ಎಂಥ ಲಗಾಮು? ಇಲ್ಲಿ ಕುದುರೆ ಉಂಟಾ?" ಸುಕುಮಾರ ಕೇಳಿದ.

"ಲಗಾಮಲ್ಲ ಮಾರಾಯ! ಮೈನು! ಮಣ್ಣಿನಡಿಯ ಬಾಂಬು!" ಆಂಥೋನಿಯ ದನಿ ಒಡೆಯಿತು. ಸ್ಯಾಮುವೆಲ್ಲನ ಅರಬ್ಬಿಯನ್ನು ತಡವರಿಸುತ್ತ ಬಿಡಿಸಿ ಹೇಳಿದ. "ಈ ಪಾಳು ಅಗೆಯುವವರಿಗೆ ಮೊನ್ನೆ ಯುದ್ಧದ ಕಾಲದ್ದು ಒಂದು ಸಿಕ್ಕಿತಂತೆ. ಇನ್ನೂ ಹುಡುಕಿ ಮುಗಿಯಲಿಲ್ಲವಂತೆ. ಅದಕ್ಕೇ ಹಗ್ಗ."

ಕುಸುಮಾವತಿ ನಿಂತಲ್ಲೇ ನಿಂತಳು. ಎತ್ತಿದ ಬಲಗಾಲನ್ನು ಎಲ್ಲಿಡುವುದೆಂದು ತಿಳಿಯದೆ ಎಡಗಾಲಿನ ಮೇಲೇ ಇಟ್ಟಳು. ಆ ಜಾಗದ ಆಚೆ ತುದಿಗೂ ಇಂಥದೇ ಹಗ್ಗ ಕಟ್ಟಿದ್ದರು; ಅದು ಈಚಿನದರಷ್ಟೇ ದೂರವಿತ್ತು.

"ಅಕ್ಕ, ಹೋದ ಹೆಜ್ಜೆಯ ಮೇಲೇ ಕಾಲಿಟ್ಟು ಹಿಂದೆ ಬರ್ಬೇಕಂತೆ. ಅಷ್ಟೇ. ಏನೂ ಆಗುದಿಲ್ಲ."

ಸುಕುಮಾರ ಹಗ್ಗ ಹಿಡಿದುಕೊಂಡಿದ್ದ. ಅವಳು ನುಸುಳಿ ಬರುವಷ್ಟು ಅದನ್ನು ಮೇಲೆತ್ತಿದ. "ಕುಸುಮಾ, ಬಾ. ನಿಧಾನ ಬಾ. ಹೆಜ್ಜೆ ಕಾಣ್ತದೆ, ನೋಡು."

ಅವಳು ಕತ್ತು ಮಾತ್ರ ತಿರುಗಿಸಿ ನೋಡಿದಳು. ಬರಿಗಾಲಿನ ಗುರುತುಗಳು ಮರಳಿನಲ್ಲಿ ಬೆರಳು ಬೆರಳಾಗಿ ಕಾಣುತ್ತಿದ್ದವು. ಮುಂದಕ್ಕೆ ಯಾವ ಗುರುತೂ ಇರಲಿಲ್ಲ.

"ಹಿಂದೆ ಬಂದ್ರೆ ಎಡಸುತ್ತಾಗ್ತದೆ."

"ಆಗ್ಲಿ ಮಾರಾಯ್ತಿ! ದೇವರಿಗೆ ನಾನು ಹೇಳ್ತೇನೆ."

"ಎಡಸುತ್ತು ಬರುದು ಹೆಣಕ್ಕೆ. ಮಗಳು ಅಲ್ಲಿ ಮಲಗಿರುವಾಗ…" ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿನ್ನ ಕಾಲು ಹಿಡೀತೇನೆ, ಕುಸುಮಾ. ಬಾ."

ಗಾಳಿ ಬೀಸಿತು. ಹೆಜ್ಜೆಗುರುತುಗಳ ಅಂಚಿನಿಂದ ಸಣ್ಣ ಮರಳು ಉದುರಿ ಒಳಕ್ಕೆ ಬಿತ್ತು.

"ಇಲ್ಲ," ಎಂದಳು ಕುಸುಮಾವತಿ. "ನಾನು ಹಿಂದೆ ಬರುದಿಲ್ಲ."